ಹಂದರವೂ ಹಡಗೂ

ವಿವಾಹವು ಯಾರ ಕಾರ್ಯ? ವಧೂವರರಿಬ್ಬರದೇ, ಅವರ ತಂದೆತಾಯಿಗಳದೇ, ಅಥವಾ ಅವರನ್ನು ಎತ್ತಿ ಆಡಿಸಿದ ಊರಿನದೇ? ಪ್ರಶ್ನೆ ಹೊಸದಲ್ಲ. ಆದರೆ ಪ್ರತಿಯೊಂದು ಕಾಲವೂ ಹಳೆಯ ಪ್ರಶ್ನೆಗೆ ಹೊಸ ವೇಷ ತೊಡಿಸಿ ನಮ್ಮೆದುರಿಗೆ ತಂದು ನಿಲ್ಲಿಸುತ್ತದೆ. ಈ ಸಲ ಅದು ಹಡಗಿನ ರೂಪದಲ್ಲಿ ಬಂದಿತು.

ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯ ಗೃಹಸ್ಥರೊಬ್ಬರು ಕಳೆದ ವರ್ಷ ಒಂದು ಸಂಜೆ ನಮ್ಮಲ್ಲಿಗೆ ಬಂದಿದ್ದರು. ಭತ್ತ, ಕಬ್ಬು ಬೆಳೆದು ನೇರವಾಗಿ ಬದುಕಿದವರು. ಮಗ ಮುಂಬಯಿಯಲ್ಲಿ ಇಂಜಿನಿಯರ್. ಪಾದಕ್ಕೆರಗಿ ಕುಳಿತವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಅಪ್ಪಾರೆ, ಮಗ ಹಡಗಿನ್ಯಾಗ ಮದಿವಿ ಆಗ್ತೀನಿ ಅಂತಾನ್ರಿ. ಅರವತ್ತು ಮಂದಿ ಸಾಕಂತ. ತಾವು ಅಲ್ಲಿಗೇ ಬಂದು ಅಕ್ಕಿಕಾಳು ಹಾಕಬೇಕ್ರಿ” ಎಂದು ತಲೆ ತಗ್ಗಿಸಿದರು. ಮಗನ ಉಳಿತಾಯ ಪೂರ್ತಿಗೆ ಸಾಲದು. ಉಳಿದುದಕ್ಕೆ ಎರಡು ಎಕರೆ ಗದ್ದೆಯನ್ನು ಒತ್ತೆಯಿಡಬೇಕು. ಆ ಗದ್ದೆಯ ಆದಾಯದಿಂದಲೇ ಕಿರಿಯ ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆ. ಮನೆಯಲ್ಲಿ ಅವರ ವೃದ್ಧ ತಾಯಿ ಹಾಸಿಗೆ ಹಿಡಿದಿದ್ದಾಳೆ. ಆಕೆಯನ್ನು ಹಡಗಿಗೆ ಒಯ್ಯುವ ಮಾತೇ ಇಲ್ಲ. ನಾವು ಅಂದು ಉತ್ತರ ಕೊಡಲಿಲ್ಲ. ಮಗನನ್ನು ಕಳುಹಿಸಿರೆಂದಷ್ಟೇ ಹೇಳಿದೆವು.

ಇಂತಹ ಬಯಕೆ ಆ ತರುಣನೊಬ್ಬನದೇ ಅಲ್ಲ. ೨೦೨೪ರ ಮೇ ತಿಂಗಳ ಕೊನೆಯಲ್ಲಿ ಅಂಬಾನಿ ಕುಟುಂಬದವರು ಮಗನ ಮದುವೆಯ ಪೂರ್ವಭಾವಿ ಸಂಭ್ರಮವನ್ನು ಇಟಲಿಯಿಂದ ಫ್ರಾನ್ಸಿನ ದಕ್ಷಿಣ ತೀರದವರೆಗೆ ಸಾಗಿದ ವಿಹಾರನೌಕೆಯಲ್ಲಿ ನಡೆಸಿದುದನ್ನು ದೇಶವೆಲ್ಲ ನೋಡಿತು. ಬೆಟ್ಟದ ಮೇಲೆ ಉರಿದ ದೀಪ ಬಯಲಿನವರ ಕಣ್ಣನ್ನೂ ಕುಕ್ಕುತ್ತದೆ. ಈಗ ಮುಂಬಯಿಯಿಂದ ಗೋವೆಯ ಕಡೆಗೆ ಸಾಗುವ ವಿಹಾರನೌಕೆಗಳೂ ಇವೆ. ಹೀಗಾಗಿ ನೋಡಿದ ಬಯಕೆ ಕೈಗೆಟುಕಿದಂತೆ ತೋರುತ್ತದೆ.

ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಹಡಗಿನ ಕಪ್ತಾನನು ಯಾರಿಗೆ ಬೇಕಾದರೂ ಮದುವೆ ಮಾಡಿಸಬಲ್ಲನೆಂಬ ನಂಬಿಕೆ ಚಲನಚಿತ್ರಗಳಿಂದ ಹರಡಿದೆ. ಅದು ನಿಜವಲ್ಲ. ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಕಾನೂನು ಒಪ್ಪಿದರೆ ಮಾತ್ರ ಆತನಿಗೆ ಆ ಅಧಿಕಾರ. ‘ಕ್ವೀನ್ ಮೇರಿ ೨’ ಎಂಬ ಪ್ರಖ್ಯಾತ ನೌಕೆಯ ನೋಂದಣಿಯನ್ನು ೨೦೧೧ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ಬರ್ಮುಡಾ ದ್ವೀಪದ ಹ್ಯಾಮಿಲ್ಟನ್ನಿಗೆ ಬದಲಿಸಿದುದಕ್ಕೆ ಸಮುದ್ರದ ಮೇಲೆ ಮದುವೆ ಮಾಡಿಸುವ ಅವಕಾಶವೂ ಒಂದು ಕಾರಣವಾಗಿತ್ತು. ನಮ್ಮ ದೇಶದಲ್ಲಿ ೧೯೫೫ರ ಹಿಂದೂ ವಿವಾಹ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿದೆ. ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆಯಬೇಕೆಂದು ಅದು ಹೇಳುತ್ತದೆಯೇ ಹೊರತು ನೆಲದ ಮೇಲೋ ನೀರಿನ ಮೇಲೋ ಎಂಬುದನ್ನು ಹೇಳುವುದಿಲ್ಲ. ೧೯೫೪ರ ವಿಶೇಷ ವಿವಾಹ ಕಾಯಿದೆಯು ಅಧಿಕಾರಿಯ ಮುಂದೆ ಮೂವರು ಸಾಕ್ಷಿಗಳನ್ನು ಬಯಸುತ್ತದೆ. ಊಟವನ್ನೂ ವಾದ್ಯವನ್ನೂ ಯಾವ ಕಾಯಿದೆಯೂ ಕೇಳಿಲ್ಲ. ೨೦೨೪ರಲ್ಲಿ ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು, ಮದುವೆಯೆಂಬುದು ಹಾಡು, ಕುಣಿತ, ಊಟೋಪಚಾರಗಳ ಸಂದರ್ಭ ಮಾತ್ರವಲ್ಲವೆಂದೂ ವಿಧಿಪೂರ್ವಕವಾಗಿ ನಡೆಯದ ಮದುವೆಗೆ ನೋಂದಣಿಯ ಕಾಗದವೊಂದೇ ಆಧಾರವಾಗದೆಂದೂ ನೆನಪಿಸಿತು. ಆದುದರಿಂದ ಹಡಗಿನ ಮದುವೆ ಕಾನೂನಿಗೆ ವಿರುದ್ಧವೆಂದು ಹೇಳಿ ಪಾರಾಗುವ ದಾರಿ ನಮಗಿರಲಿಲ್ಲ. ಧರ್ಮದ ಪ್ರಶ್ನೆಯನ್ನು ಧರ್ಮದ ನೆಲೆಯಲ್ಲಿಯೇ ಎದುರಿಸಬೇಕಾಗಿತ್ತು.

ಮರುವಾರ ತರುಣ ಬಂದ. ವಿನಯವಂತ, ಆದರೆ ಮಾತಿನಲ್ಲಿ ಸ್ಪಷ್ಟತೆಯುಳ್ಳವನು. ಅವನ ವಾದದಲ್ಲಿ ಮೂರು ಅಂಶಗಳಿದ್ದವು. ಮೊದಲನೆಯದು, ಊರಿನಲ್ಲಿ ಮದುವೆಯೆಂದರೆ ಎರಡು ಸಾವಿರ ಜನರ ಊಟ, ಕಲ್ಯಾಣಮಂಟಪ, ಬೀಗರ ಆಹೇರಿ, ವಾದ್ಯ, ಮೆರವಣಿಗೆ. ಲೆಕ್ಕ ಹಾಕಿದರೆ ಹಡಗಿನ ಅರವತ್ತು ಜನರ ವೆಚ್ಚ ಅದಕ್ಕಿಂತ ಕಡಿಮೆ. ಗದ್ದೆ ಒತ್ತೆಬೀಳುವುದು ಎರಡು ದಾರಿಯಲ್ಲಿಯೂ ತಪ್ಪದು. ಎರಡನೆಯದು, ಅವನು ವರದಕ್ಷಿಣೆ ಬೇಡವೆಂದವನು; ಹೆಣ್ಣಿನ ಕಡೆಯಿಂದ ಒಂದು ಕಾಸನ್ನೂ ಪಡೆದಿಲ್ಲ. ಮೂರನೆಯದು, ಮದುವೆಗೆ ಬರುವ ಎರಡು ಸಾವಿರ ಜನರಲ್ಲಿ ವಧೂವರರ ಹೆಸರು ಬಲ್ಲವರು ಎಷ್ಟು ಮಂದಿ? ಬಂದರು, ಉಂಡರು, ಮುಯ್ಯಿ ಬರೆಸಿದರು, ಹೋದರು. ಇದಕ್ಕಿಂತ ಒಲಿದ ಅರವತ್ತು ಜನರೇ ಲೇಸಲ್ಲವೆ?

ಈ ಮಾತುಗಳಿಗೆ ಥಟ್ಟನೆ ಎದುರು ಹೇಳಲು ನಮಗಾಗಲಿಲ್ಲವೆಂಬುದನ್ನು ವಾಚಕರಲ್ಲಿ ಮುಚ್ಚಿಡುವುದಿಲ್ಲ. ಹಡಗನ್ನು ಜರೆಯುವುದು ಸುಲಭ. ಆದರೆ ನೆಲದ ಮೇಲೆ ನಾವು ಮಾಡುತ್ತಿರುವುದೇನು? ೨೦೧೬ರ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾಗಿ ಜನರು ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತಿದ್ದ ದಿನಗಳಲ್ಲಿಯೇ ಮಾಜಿ ಸಚಿವರೊಬ್ಬರ ಮಗಳ ಮದುವೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿಜಯನಗರದ ವೈಭವವನ್ನು ನೆನಪಿಸುವ ಸಜ್ಜಿಕೆಗಳ ನಡುವೆ ನಡೆಯಿತು. ಅದು ನಡೆದದ್ದು ಗಟ್ಟಿ ನೆಲದ ಮೇಲೆ. ದೋಷ ನೀರಿನದೂ ಅಲ್ಲ, ನೆಲದ್ದೂ ಅಲ್ಲ.

ಹಾಗಾದರೆ ದೋಷ ಎಲ್ಲಿದೆ? ವೆಚ್ಚ ಮಾಡುವುದೇ ಪಾಪವೇ? ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಈ ವಿಷಯವನ್ನು ಸೂಕ್ಷ್ಮವಾಗಿ ವಿವೇಚಿಸಿದ್ದಾನೆ. ದೊಡ್ಡ ಪ್ರಮಾಣದಲ್ಲಿ ಯೋಗ್ಯವಾಗಿ ವೆಚ್ಚ ಮಾಡುವುದನ್ನು ಅವನು ಒಂದು ಸದ್ಗುಣವೆಂದೇ ಎಣಿಸುತ್ತಾನೆ. ಜೀವನದಲ್ಲಿ ಒಮ್ಮೆ ಬರುವ ವಿವಾಹದಂತಹ ಸಂದರ್ಭವನ್ನು ಅದಕ್ಕೆ ಉದಾಹರಿಸುತ್ತಾನೆ. ಆದರೆ ಆ ಗುಣವಂತನು ತನಗಾಗಿ ವೆಚ್ಚ ಮಾಡುವುದಿಲ್ಲ, ಎಲ್ಲರಿಗೂ ಸಲ್ಲುವುದಕ್ಕಾಗಿ ಮಾಡುತ್ತಾನೆ. ಇದಕ್ಕೆ ವಿರುದ್ಧವಾದವನು ಗೆಳೆಯರ ಸಾಮಾನ್ಯ ಊಟವನ್ನೂ ಮದುವೆಯೂಟದಂತೆ ಮಾಡಿಸಿ ತನ್ನ ಸಿರಿಯನ್ನು ಮೆರೆಸುತ್ತಾನೆ. ಇಲ್ಲದವನು ಇದ್ದವನಂತೆ ವೆಚ್ಚಕ್ಕಿಳಿದರೆ ಅವಿವೇಕಿಯಾಗುತ್ತಾನೆಂದೂ ಅವನು ಎಚ್ಚರಿಸಿದ್ದಾನೆ. ಅಮೇರಿಕದ ವೆಬ್ಲೆನ್ ಎಂಬ ಪಂಡಿತನು ೧೮೯೯ರಲ್ಲಿ ಬರೆದ ಗ್ರಂಥವೊಂದರಲ್ಲಿ, ಪರರಿಗೆ ಕಾಣಿಸಲೆಂದೇ ಮಾಡುವ ವೆಚ್ಚದ ಮನೋಧರ್ಮವನ್ನು ಬಿಡಿಸಿ ತೋರಿಸಿದನು.

ನಮ್ಮ ಶರಣರ ದಾಸೋಹತತ್ತ್ವವು ಇದೇ ಭೇದವನ್ನು ಇನ್ನೊಂದು ಬಗೆಯಲ್ಲಿ ತೋರಿಸಿಕೊಡುತ್ತದೆ. ದಾಸೋಹದಲ್ಲಿ ಕೊಡುವವನು ದಾಸ. ಪ್ರದರ್ಶನದಲ್ಲಿ ಕೊಡುವವನು ಒಡೆಯ. ದಾಸೋಹಕ್ಕೆ ಬೇಕಾದುದು ಉಣ್ಣುವವನ ಹಸಿವು; ಪ್ರದರ್ಶನಕ್ಕೆ ಬೇಕಾದುದು ನೋಡುವವನ ಕಣ್ಣು. ಈ ಅಳತೆಗೋಲಿನಿಂದ ಅಳೆದರೆ ಊರಿನ ಎರಡು ಸಾವಿರ ಜನರ ಊಟವೂ ಪ್ರದರ್ಶನವಾಗಬಹುದು, ಐವತ್ತು ಜನರ ಊಟವೂ ದಾಸೋಹವಾಗಬಹುದು. ಆದುದರಿಂದ ತರುಣನ ಮೊದಲ ಎರಡು ಮಾತುಗಳನ್ನು ನಾವು ಒಪ್ಪಿದೆವು.

ಮೂರನೆಯ ಮಾತನ್ನು ಒಪ್ಪಲಾಗಲಿಲ್ಲ. ಅರವತ್ತು ಜನರೆಂಬುದು ಸರಿ. ಆ ಅರವತ್ತು ಜನರು ಯಾರು? ಪಟ್ಟಿಯನ್ನು ತೋರಿಸಲು ಕೇಳಿದೆವು. ಅದರಲ್ಲಿ ಕಚೇರಿಯ ಮಿತ್ರರಿದ್ದರು, ಹತ್ತಿರದ ನೆಂಟರಿದ್ದರು. ಅಜ್ಜಿಯಿರಲಿಲ್ಲ. ಅವನ ತಂದೆಯೊಂದಿಗೆ ಮೂವತ್ತು ವರ್ಷ ಗದ್ದೆಯಲ್ಲಿ ದುಡಿದ, ಅವನಿಗೆ ಕೆರೆಯಲ್ಲಿ ಈಜು ಕಲಿಸಿದ ಸಿದ್ದಿ ಹಿರಿಯನಿರಲಿಲ್ಲ. ಮದುವೆಗೆ ಐರಣಿ ತರಬೇಕಾದ ಕುಂಬಾರರ ಮನೆಯವರಿರಲಿಲ್ಲ.

ಸಾಂಬ್ರಾಣಿಯ ಸುತ್ತಿನ ಹಳ್ಳಿಗಳನ್ನು ಬಲ್ಲವರಿಗೆ ಸಿದ್ದಿಗಳ ಪರಿಚಯವಿದ್ದೇ ಇದೆ. ಅವರ ಪೂರ್ವಜರು ಆಫ್ರಿಕದಿಂದ ಹಡಗುಗಳಲ್ಲಿ ಬಂದವರು. ಪೋರ್ತುಗೀಜರ ಆಳ್ವಿಕೆಯಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟ ಅನೇಕರು ದಾಸ್ಯದಿಂದ ತಪ್ಪಿಸಿಕೊಂಡು ಈ ಘಟ್ಟದ ಕಾಡುಗಳಲ್ಲಿ ನೆಲೆ ಕಂಡುಕೊಂಡರು. ಸ್ವತಂತ್ರ ಭಾರತವೂ ಅವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿದುದು ೨೦೦೩ರಲ್ಲಿ. ಹಡಗಿನಿಂದ ಇಳಿದು ಮನುಷ್ಯರಾಗಿ ಬದುಕಬೇಕೆಂದು ಹಾತೊರೆದವರ ಮಕ್ಕಳು ಒಂದು ಕಡೆ. ಹಡಗನ್ನೇರಿ ದೊಡ್ಡವರೆನಿಸಬೇಕೆಂದು ಹಾತೊರೆಯುವ ನಮ್ಮ ಮಕ್ಕಳು ಇನ್ನೊಂದು ಕಡೆ. ಆ ಹಿರಿಯನಿಲ್ಲದ ಪಟ್ಟಿಯನ್ನು ನೋಡಿದಾಗ ನಮ್ಮ ಮನಸ್ಸಿಗೆ ಬಂದ ವಿಚಾರವಿದು. ಇದನ್ನು ತರುಣನಿಗೂ ಹೇಳಿದೆವು. ಅವನು ಉತ್ತರಿಸಲಿಲ್ಲ.

ಹಂದರವೆಂದರೆ ಕೇವಲ ನೆರಳಲ್ಲ. ಹಂದರಗಂಬ ನೆಟ್ಟ ದಿನದಿಂದ ಆ ಮನೆಯ ಬಾಗಿಲು ಊರಿಗೆ ತೆರೆದಿದೆಯೆಂದು ಅರ್ಥ. ಕರೆಯದವನೂ ಬಂದು ಕೂಡಬಹುದು. ನಾಳೆ ಗಂಡಹೆಂಡಿರಲ್ಲಿ ಮನಸ್ತಾಪ ಬಂದರೆ, “ನಾವು ಅಕ್ಕಿಕಾಳು ಹಾಕಿದ್ದೇವೆ, ಹೀಗೆ ಮಾಡಬೇಡಿರಿ” ಎಂದು ಹೇಳುವ ಅಧಿಕಾರ ಅಲ್ಲಿ ನಿಂತವರಿಗೆ ಬರುತ್ತದೆ. ಸಾಕ್ಷಿಯೆಂದರೆ ಅಂದು ನೋಡಿ ಹೋದವನಲ್ಲ, ಮುಂದೆ ಕೇಳುವವನು. ಹಡಗಿನ ದಾರಿಯಾದರೋ ಚೀಟಿಯಿದ್ದವರಿಗೆ ಮಾತ್ರ. ಬಂದರಿನಿಂದ ಬಿಟ್ಟ ಬಳಿಕ ತಡವಾಗಿ ಬಂದ ಬಡನೆಂಟನಿಗೆ ಅಲ್ಲಿ ಸ್ಥಳವಿಲ್ಲ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿಹೋಯಿತು. ಮನೆಯಂಗಳ ಕಳೆದುಕೊಂಡು ರಾಮನಗರದಂತಹ ಹೊಸ ನೆಲೆಗಳಿಗೆ ಹೋದವರನ್ನು ಕೇಳಿ ನೋಡಬೇಕು, ಹುಟ್ಟಿದ ಅಂಗಳದಲ್ಲಿ ಹಂದರ ಹಾಕುವುದು ಎಂತಹ ಭಾಗ್ಯವೆಂದು.

ಮದುವೆಯ ಹಿರಿಮೆ ಸ್ಥಳದಿಂದ ಬರುವುದಾದರೆ ಎಷ್ಟೋ ರಾಜರ ಮದುವೆಗಳನ್ನು ನಾವು ನೆನೆಯಬೇಕಾಗಿತ್ತು. ನೆನೆಯುತ್ತಿರುವುದು ಹನ್ನೆರಡನೆಯ ಶತಮಾನದ ಕಲ್ಯಾಣದ ಒಂದು ಮದುವೆಯನ್ನು. ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಆದ ಸಂಬಂಧವದು. ಅದಕ್ಕಾಗಿ ಆ ಬೀಗರಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾಗಿ ಪ್ರಾಣ ತೆತ್ತರೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಹಂದರದ ಅಲಂಕಾರವೇನು, ಅಡಿಗೆಯೇನು ಎಂದು ಯಾರಾದರೂ ಕೇಳಿದ್ದುಂಟೆ? ಇತ್ತೀಚಿನ ಮಾತನ್ನೇ ನೋಡಿದರೆ, ಕುವೆಂಪು ಅವರು ೧೯೬೬ರಲ್ಲಿ ಮಗ ತೇಜಸ್ವಿಯವರ ವಿವಾಹವನ್ನು ಆಡಂಬರವಿಲ್ಲದೆ ನಡೆಸಿದರು. ‘ಮಂತ್ರಮಾಂಗಲ್ಯ’ವೆಂಬ ಸರಳ ಪದ್ಧತಿಯನ್ನು ನಾಡಿಗೆ ಕೊಟ್ಟರು. ಧರ್ಮಸ್ಥಳದಲ್ಲಿ ೧೯೭೨ರಲ್ಲಿ ಆರಂಭವಾದ ಸಾಮೂಹಿಕ ವಿವಾಹಗಳು ಸಾವಿರಾರು ಕುಟುಂಬಗಳನ್ನು ಸಾಲದಿಂದ ಉಳಿಸಿವೆ. ಸರಳತೆಗೆ ದಾರಿಗಳು ಇವೆ. ನಡೆಯುವ ಕಾಲುಗಳು ಕಡಿಮೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಲೇಬೇಕು. ತರುಣನು ಎದ್ದು ಹೋಗುವ ಮೊದಲು ಒಂದು ಮಾತು ಕೇಳಿದ: “ಅಪ್ಪಾರೆ, ತಪ್ಪು ತಿಳೀಬ್ಯಾಡ್ರಿ. ದೊಡ್ಡವರ ಮದಿವಿಗೆ ತಾವು ಹೋಗಿ ಬೆಳ್ಳಿ ಕುರ್ಚಿ ಮ್ಯಾಲೆ ಕುಂತೀರಿ. ಬಡವರ ಮದಿವಿಗೆ ವಿಭೂತಿ ಅಷ್ಟ ಕಳಸ್ತೀರಿ. ಅದನ್ನ ನೋಡೇ ನಮ್ಮಪ್ಪ ದೊಡ್ಡ ಮದಿವಿ ಮಾಡಬೇಕಂತ ಹಟ ಹಿಡಿದದ್ದು.” ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಗುರುವಿನ ಸಾನ್ನಿಧ್ಯವನ್ನೂ ಸಿರಿವಂತಿಕೆಯ ಒಡವೆಯನ್ನಾಗಿ ಮಾಡಿಕೊಟ್ಟವರು ನಾವೇ ಅಲ್ಲವೆ? ದಾನಿಗಳ ದಾಕ್ಷಿಣ್ಯದಲ್ಲಿ ಆಡಂಬರಕ್ಕೆ ಆಶೀರ್ವದಿಸಿ, ಬಳಿಕ ಪೀಠದ ಮೇಲಿಂದ ಸರಳತೆಯನ್ನು ಬೋಧಿಸಿದರೆ ಕೇಳುವವರಾರು? ಅಂದಿನಿಂದ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಸಾಲ ಮಾಡಿ ನಡೆಸುವ ಮದುವೆಗೆ ಹೋಗುವುದಿಲ್ಲ; ಕರೆದ ಬಡವನ ಮದುವೆಯನ್ನು ತಪ್ಪಿಸುವುದಿಲ್ಲ; ಎಲ್ಲಿ ಹೋದರೂ ಚಾಪೆಯೇ ನಮ್ಮ ಆಸನ. ಇದರಿಂದ ಕೆಲವು ಭಕ್ತರು ಮುನಿದಿದ್ದಾರೆ. ಮುನಿಯಲಿ.

ಮದುವೆಯನ್ನು ಯೋಜಿಸುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಈ ವೆಚ್ಚದಿಂದ ಮನೆಯ ಯಾರ ಪಾಲು ಕಡಿಮೆಯಾಗುತ್ತದೆ? ಈ ಸ್ಥಳಕ್ಕೆ ನಮ್ಮವರಲ್ಲಿ ಯಾರು ಬರಲಾರರು? ಇದನ್ನು ಯಾರೂ ನೋಡುವುದಿಲ್ಲವೆಂದಾಗಿದ್ದರೆ ನಾವು ಮಾಡುತ್ತಿದ್ದೆವೆ? ಈ ಮೂರಕ್ಕೂ ನಿಸ್ಸಂಕೋಚವಾಗಿ ಉತ್ತರಿಸಬಲ್ಲವರು ಹಡಗಿನಲ್ಲಿಯೇ ಮದುವೆಯಾಗಲಿ, ನಮ್ಮ ಆಕ್ಷೇಪವಿಲ್ಲ. ಉತ್ತರಿಸಲಾರದವರು ಊರಿನಲ್ಲಿ ಮಾಡಿದರೂ ಫಲವಿಲ್ಲ.

ಎರಡು ತಿಂಗಳ ಬಳಿಕ ಸಾಂಬ್ರಾಣಿಯ ಮನೆಯಂಗಳದಲ್ಲಿ ಬೆಳಗಿನ ಹೊತ್ತು ಆ ಮದುವೆ ನಡೆಯಿತು. ಗದ್ದೆ ಒತ್ತೆಬೀಳಲಿಲ್ಲ. ಊಟಕ್ಕೆ ಗೋದಿಹುಗ್ಗಿ, ಅನ್ನ, ಸಾರು. ಹೋಳಿಗೆಯಿಲ್ಲವೆಂದು ಕೆಲವು ಬೀಗರು ಮುಖ ಸಿಂಡರಿಸಿದರು; ಆಹೇರಿಯಿಲ್ಲವೆಂದು ಒಬ್ಬ ನೆಂಟರು ಉಣ್ಣದೆ ಹೋದರು. ಅಜ್ಜಿಯನ್ನು ಮಂಚದೊಂದಿಗೆ ಹಂದರಕ್ಕೆ ಹೊತ್ತು ತಂದವರಲ್ಲಿ ಆ ಸಿದ್ದಿ ಹಿರಿಯನೂ ಇದ್ದ. ಹಡಗಿನ ಆಸೆಯನ್ನು ತರುಣ ಬಿಟ್ಟಿಲ್ಲ. ಮುಂದಿನ ವರ್ಷ ತನ್ನದೇ ಗಳಿಕೆಯಿಂದ ಇಬ್ಬರೂ ಕಡಲ ಮೇಲೆ ಹೋಗಿಬರುತ್ತೇವೆಂದು ನಕ್ಕು ಹೇಳಿದ. ಹೋಗಿಬನ್ನಿರೆಂದು ಹರಸಿದೆವು. ಕಡಲು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮಾತು ಕೊಡುವಾಗ ಮಾತ್ರ ಅದನ್ನು ಮುಂದೆ ಕೇಳುವವರ ನಡುವೆ ನಿಂತು ಕೊಡಬೇಕು.