ಕೇಳದವನ ಹಕ್ಕು

ನೆರೆಯವನು ಹಸಿದಿರುವಾಗ ತಾನು ಹೊಟ್ಟೆ ತುಂಬ ಉಂಡು ಮಲಗುವವನ ಈಮಾನಿನ ಬಗ್ಗೆ ಪ್ರವಾದಿವರ್ಯರು(ಸ) ಕೊಟ್ಟ ಎಚ್ಚರಿಕೆಯನ್ನು ನಾವೆಲ್ಲರೂ ಜುಮಾ ಪ್ರವಚನಗಳಲ್ಲಿ ಕೇಳಿದ್ದೇವೆ. ಈ ಹದೀಸಿನ ಒಂದು ವರದಿಯಲ್ಲಿ, ನೆರೆಯವನ ಹಸಿವು ಅವನಿಗೆ ತಿಳಿದಿದ್ದರೆ ಎಂಬ ಅರ್ಥದ ಮಾತೂ ಸೇರಿದೆ. ನಮ್ಮ ಮನಸ್ಸು ಇಂತಹ ಮಾತಿಗಾಗಿಯೇ ಕಾದಿರುತ್ತದೆ. "ನನಗೆ ಗೊತ್ತೇ ಇರಲಿಲ್ಲವಲ್ಲ" ಎಂದು ಅದು ಸಮಾಧಾನ ಪಟ್ಟುಕೊಳ್ಳುತ್ತದೆ. ಆದರೆ ಗೊತ್ತಿಲ್ಲದಿರುವುದು ನಾಳೆ ಅಲ್ಲಾಹನ ಮುಂದೆ ಸಲ್ಲುವ ನೆಪವೇ?

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವವರನ್ನು ಈ ಪ್ರಶ್ನೆ ಕಾಡಲೇಬೇಕು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಅನುಕೂಲಸ್ಥರ ಮನೆಗಳು, ಹೋಟೆಲುಗಳು, ಕಲ್ಯಾಣ ಮಂಟಪಗಳು ತುಂಬಿವೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಪಾದರಾಯನಪುರ, ಗೋರಿಪಾಳ್ಯಗಳ ಗಲ್ಲಿಗಳಲ್ಲಿ ಒಂದೇ ಕೋಣೆಯಲ್ಲಿ ಇಡೀ ಸಂಸಾರ ನಡೆಸುವವರಿದ್ದಾರೆ. ಅಗರಬತ್ತಿ ಹೊಸೆಯುವ ತಾಯಂದಿರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ದಿನಗೂಲಿಯನ್ನೇ ನಂಬಿದ ಗಂಡಸರು ಅವರು. ಕೆಂಗೇರಿಯ ಕಡೆಗೆ ಹೋದರೆ ಕಟ್ಟಡ ಕೆಲಸಕ್ಕಾಗಿ ಉತ್ತರ ಕರ್ನಾಟಕದಿಂದ ಬಂದವರ ತಗಡಿನ ಶೆಡ್ಡುಗಳು ಕಾಣಿಸುತ್ತವೆ. 2020ರ ಏಪ್ರಿಲ್‌ನಲ್ಲಿ ಕೊರೋನಾ ಕಾರಣದಿಂದ ಪಾದರಾಯನಪುರವನ್ನು ಮುಚ್ಚಿದಾಗ, ಕೂಲಿ ನಿಂತ ಮನೆಯಲ್ಲಿ ಒಲೆ ಎಷ್ಟು ದಿನ ಉರಿದೀತು ಎಂದು ಎಲ್ಲರೂ ಮರುಗಿದರು. ರಸ್ತೆಗಳು ತೆರೆದವು, ಮರುಕವೂ ಮರೆಯಾಯಿತು.

"ಈಗ ಹಸಿದವರು ಯಾರಿದ್ದಾರೆ?" ಎಂದು ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯದ ಒಂದು ಅಂಶವಿದೆ. 2013ರಲ್ಲಿ ಅನ್ನಭಾಗ್ಯ ಬಂತು, 2017ರಲ್ಲಿ ಇಂದಿರಾ ಕ್ಯಾಂಟೀನ್ ಬಂತು. ಬರಿಹೊಟ್ಟೆಯಲ್ಲಿ ಮಲಗುವವರಿಗೆ ಇವು ಆಸರೆಯಾದವು. ಆದರೆ ಹೊಟ್ಟೆ ತುಂಬುವುದು ಬೇರೆ, ಶರೀರಕ್ಕೆ ಪೋಷಣೆ ಸಿಗುವುದು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ. 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಯದೂ ಇದೇ ಸ್ಥಿತಿ. ದೇಶದ ಶ್ರೀಮಂತ ರಾಜ್ಯಗಳಲ್ಲೊಂದರ ಲೆಕ್ಕವಿದು!

ಇದು ನಡೆಯುವ ಬಗೆ ಸರಳ. ಅಕ್ಕಿ ರೇಷನ್ ಅಂಗಡಿಯಿಂದ ಬರುತ್ತದೆ. ಬೇಳೆ, ಮೊಟ್ಟೆ, ಸೊಪ್ಪು, ಹಾಲಿಗೆ ನಗದು ಬೇಕು. ಮನೆ ಬಾಡಿಗೆಯನ್ನು ಕಡಿಮೆ ಕೊಡುವಂತಿಲ್ಲ, ಆಸ್ಪತ್ರೆಯ ಬಿಲ್ಲನ್ನು ಮುಂದೂಡುವಂತಿಲ್ಲ. ಹಾಗಾಗಿ ಕತ್ತರಿ ಬೀಳುವುದು ಸಾರಿನ ಬೇಳೆಗೆ. ಸಾರು ತೆಳುವಾದದ್ದು ಪಕ್ಕದ ಮನೆಗೆ ಕಾಣಿಸುವುದಿಲ್ಲ. ಇದ್ದ ಒಂದು ಮೊಟ್ಟೆ ದುಡಿಯುವ ಗಂಡಸಿಗೆ, ಉಳಿದದ್ದು ಮಕ್ಕಳಿಗೆ, ತಾಯಿಗೆ ಅನ್ನ ಮತ್ತು ಚಹಾ. ಊಟದ ಜೊತೆಗೇ ಕುಡಿದ ಚಹಾ ಆಹಾರದಲ್ಲಿರುವ ಅಲ್ಪಸ್ವಲ್ಪ ಕಬ್ಬಿಣಾಂಶವೂ ಮೈಗೆ ಹತ್ತದಂತೆ ತಡೆಯುತ್ತದೆ. ಬೆಳಿಗ್ಗೆ ಮದ್ರಸಕ್ಕೆ ಬರುವ ಮಕ್ಕಳನ್ನು ತಿಂಡಿ ಆಯಿತೇ ಎಂದು ಕೇಳಿ ನೋಡಿ, ಆಯಿತು ಎನ್ನುತ್ತಾರೆ. ಏನು ತಿಂದಿರಿ ಎಂದರೆ ಚಹಾ ಮತ್ತು ಬನ್ನು. 2024ರಲ್ಲಿ ಅಝೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಯಿತು. ಆದರೆ ಇಂಗ್ಲಿಷಿನ ಆಸೆಯಿಂದ ಸಾಲ ಮಾಡಿ ಖಾಸಗಿ ಶಾಲೆಗೆ ಸೇರಿಸಿದ ಬಡವನ ಮಗುವಿಗೆ ಆ ಬಿಸಿಯೂಟವೂ ಇಲ್ಲ, ಮೊಟ್ಟೆಯೂ ಇಲ್ಲ. ಸಮವಸ್ತ್ರ, ಟೈ ತೊಟ್ಟ ಆ ಮಗುವನ್ನು ಕಂಡು ಬಡತನವನ್ನು ಯಾರು ಊಹಿಸಿಯಾರು?

ಪವಿತ್ರ ಕುರ್‌ಆನ್ ಇಂತಹವರನ್ನು ಮರೆತಿಲ್ಲ. ಧರ್ಮನಿಷ್ಠರ ಸಂಪತ್ತಿನಲ್ಲಿ ಇಬ್ಬರಿಗೆ ಹಕ್ಕಿದೆಯೆಂದು ಅದು ಹೇಳುತ್ತದೆ (51:19). ಒಬ್ಬನು ಕೇಳುವವನು, ಇನ್ನೊಬ್ಬನು ವಂಚಿತನು. ಈ ಎರಡನೆಯವನು ಬಡತನವಿದ್ದೂ ಬಾಯಿಬಿಟ್ಟು ಕೇಳದವನೆಂದು ವ್ಯಾಖ್ಯಾನಕಾರರಲ್ಲಿ ಅನೇಕರು ವಿವರಿಸಿದ್ದಾರೆ. ಗಮನಿಸಿರಿ, ಅವನಿಗಿರುವುದು ಹಕ್ಕು, ನಮ್ಮ ಔದಾರ್ಯವಲ್ಲ. ಅಲ್ ಬಕರಃ ಅಧ್ಯಾಯದಲ್ಲಿ (2:273) ಸ್ವಾಭಿಮಾನದಿಂದಾಗಿ ಅರಿಯದವರ ಕಣ್ಣಿಗೆ ಅನುಕೂಲಸ್ಥರಂತೆ ಕಾಣುವ ಬಡವರ ಪ್ರಸ್ತಾಪವಿದೆ. ಅವರನ್ನು ಲಕ್ಷಣಗಳಿಂದ ಗುರುತಿಸಬೇಕು. ಒಂದೆರಡು ತುತ್ತಿಗಾಗಿ ಮನೆಮನೆ ಅಲೆಯುವವನಲ್ಲ, ಅಗತ್ಯ ಪೂರೈಸದಿದ್ದರೂ ಕೇಳದವನು, ಯಾರ ಗಮನಕ್ಕೂ ಬಾರದವನು ನಿಜವಾದ ನಿರ್ಗತಿಕನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹೇಳಿಕೊಳ್ಳುವ ಹೊಣೆಯನ್ನು ಇಸ್ಲಾಮ್ ಬಡವನ ಮೇಲೆ ಹೊರಿಸಿಲ್ಲ. ತಿಳಿದುಕೊಳ್ಳುವ ಹೊಣೆಯನ್ನು ಉಳ್ಳವನ ಮೇಲೆ ಹೊರಿಸಿದೆ.

ಖಲೀಫಾ ಉಮರ್‌ರ(ರ) ಪ್ರಸಿದ್ಧ ಘಟನೆಯನ್ನು ಈ ದೃಷ್ಟಿಯಿಂದ ನೋಡಬೇಕು. ಅಳುವ ಮಕ್ಕಳನ್ನು ಸುಮ್ಮನಿರಿಸಲು ಬರಿಯ ನೀರನ್ನು ಒಲೆಯ ಮೇಲಿಟ್ಟಿದ್ದ ಮಹಿಳೆ, ತನ್ನ ಮುಂದೆ ನಿಂತವರು ಯಾರೆಂದು ತಿಳಿಯದೆ, ಉಮರರನ್ನು ದೂರಿದಳು. ನಿಮ್ಮ ಸ್ಥಿತಿ ಉಮರರಿಗೆ ಹೇಗೆ ತಿಳಿಯಬೇಕೆಂದು ಅವರು ಕೇಳಿದರು. ನಮ್ಮ ಹೊಣೆ ಹೊತ್ತ ಮೇಲೆ ನಮ್ಮನ್ನು ಮರೆಯಬಹುದೇ ಎಂಬುದು ಅವಳ ಉತ್ತರದ ಸಾರ. ಉಮರ್(ರ) ಮತ್ತೆ ವಾದಿಸಲಿಲ್ಲ. ಹಿಟ್ಟಿನ ಚೀಲವನ್ನು ತಾವೇ ಬೆನ್ನ ಮೇಲೆ ಹೊತ್ತು ತಂದರು. ಗೊತ್ತಿರಲಿಲ್ಲ ಎಂಬ ನೆಪ ಅಲ್ಲಿಗೆ ಮುಗಿಯಿತು.

ಹಾಗಾದರೆ ಇತರರ ಅಡುಗೆಮನೆಗೆ ಇಣುಕಬೇಕೇ? ಗೂಢಚಾರಿಕೆಯನ್ನು ಕುರ್‌ಆನ್ ನಿಷೇಧಿಸಿದೆಯಲ್ಲವೇ (49:12)? ಹೌದು. ಇದಕ್ಕೆ ಪರಿಹಾರವನ್ನೂ ಪ್ರವಾದಿವರ್ಯರೇ(ಸ) ತೋರಿಸಿದ್ದಾರೆ. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರನ್ನೂ ವಿಚಾರಿಸಿಕೊಳ್ಳಬೇಕೆಂದು ಅವರು ಅಬೂದರ್ರ್‌ರಿಗೆ(ರ) ಉಪದೇಶಿಸಿದರು. ಬಟ್ಟಲು ಹೋಗಿ ಬರುವ ಮನೆಗಳ ನಡುವೆ ಪ್ರಶ್ನೆ ಕೇಳಬೇಕಾಗಿಲ್ಲ. ಸಂಬಂಧವಿದ್ದಲ್ಲಿ ಕಷ್ಟ ತಾನಾಗಿ ತಿಳಿಯುತ್ತದೆ. ಆ ನೆರೆಯವನು ಮುಸ್ಲಿಮನೇ ಆಗಬೇಕೆಂದಿಲ್ಲ. ಮನೆಯಲ್ಲಿ ಆಡು ಕೊಯ್ದಾಗ ಯಹೂದಿ ನೆರೆಯವನಿಗೆ ಪಾಲು ಹೋಯಿತೇ ಎಂದು ವಿಚಾರಿಸಿದ ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ) ನಮಗೆ ಮಾದರಿ. ಮಾಂಸ ತಿನ್ನದ ನೆರೆಯವನಿಗೆ ಹಣ್ಣು, ಬೇಳೆ ಕೊಡೋಣ.

ರಮಝಾನ್ ಕಿಟ್‌ಗಳ ಬಗ್ಗೆಯೂ ಒಂದು ಮಾತು. ರೇಷನ್ ಅಕ್ಕಿ ಬರುವ ಮನೆಗೆ ಮತ್ತೆ ಅಕ್ಕಿಯ ಮೂಟೆಯನ್ನೇ ಕೊಡುವ ಬದಲು ಬೇಳೆ, ಕಡಲೆಕಾಯಿ, ರಾಗಿ, ಎಣ್ಣೆ, ಮೊಟ್ಟೆಗೆ ಹಣ ಕೊಟ್ಟರೆ ಹೆಚ್ಚು ಪ್ರಯೋಜನ. ರಮಝಾನಿನ ನಂತರದ ಹನ್ನೊಂದು ತಿಂಗಳುಗಳಲ್ಲೂ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಎರಡು ವರ್ಷದೊಳಗಿನ ಮಕ್ಕಳಿರುವ ಮನೆಗಳನ್ನು ಜಮಾಅತ್‌ಗಳು ಗುಟ್ಟಾಗಿ ಗಮನಿಸಿಕೊಳ್ಳಲಿ, ಅವರನ್ನು ಅಂಗನವಾಡಿಗೆ ತಲುಪಿಸಲಿ. ಆ ವಯಸ್ಸಿನಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಮುಂದೆ ಸರಿಪಡಿಸುವುದು ಬಹಳ ಕಷ್ಟ. ಕೊಡುವಾಗ ಫೋಟೋ ಬೇಡ. ಒಂದು ಫೋಟೋ ಹತ್ತು ಸ್ವಾಭಿಮಾನಿಗಳ ಬಾಯಿ ಮುಚ್ಚಿಸುತ್ತದೆ.

ಕೊಡಲು ಏನೂ ಇಲ್ಲದವನೂ ಈ ಹೊಣೆಯಿಂದ ಮುಕ್ತನಲ್ಲ. ಅಲ್ ಮಾಊನ್ ಅಧ್ಯಾಯ ಆಕ್ಷೇಪಿಸುವುದು ನಿರ್ಗತಿಕನಿಗೆ ಉಣಿಸಲು ಪ್ರೇರೇಪಿಸದವನನ್ನು. ಪ್ರೇರೇಪಿಸಲು ಹಣ ಬೇಡ, ನೆರೆಯವನನ್ನು ಅರಿತ ಒಂದು ನಾಲಿಗೆ ಸಾಕು. ಕೇಳದವನ ಮುಖವನ್ನು ಓದಬಲ್ಲ ಕಣ್ಣನ್ನೂ, ಅವನ ಹಕ್ಕನ್ನು ಅವನ ಮಾನಕ್ಕೆ ಕುಂದಾಗದಂತೆ ತಲುಪಿಸುವ ಕೈಯನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.