ರಿಪೋರ್ಟಿನ ಅಂಕಿ, ಮನುಷ್ಯನ ಆಯಸ್ಸು

'ಎಲ್‌ಡಿಎಚ್ ಸಾವಿರ ದಾಟಿದೆಯಲ್ಲಾ ಮೇಡಂ, ನಮ್ಮ ಹುಡುಗ ಉಳೀತಾನಾ?'

ಲುಕೇಮಿಯಾ ಇರುವ ಮನೆಯವರು ಲ್ಯಾಬಿನ ಕಿಟಕಿಯ ಬಳಿ ಬಂದು ಹೀಗೆ ಕೇಳುವುದುಂಟು. ಡಾಕ್ಟರನ್ನು ಕೇಳಿ ಎನ್ನುತ್ತೇನೆ. ನನ್ನ ಕೆಲಸ ಅಳೆದು ಕೊಡುವುದು. ಆದರೂ ಅಳೆಯುವವಳಾದ್ದರಿಂದಲೇ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ರಕ್ತದಲ್ಲಿ ತೇಲುವ ಒಂದು ಪ್ರೋಟೀನು ಮನುಷ್ಯನ ಆಯಸ್ಸಿನ ಬಗ್ಗೆ ಎಷ್ಟು ಹೇಳಬಲ್ಲದು?

ಎಲ್‌ಡಿಎಚ್ ಜೀವಕೋಶಗಳ ಒಳಗಿರುವ ಕಿಣ್ವ. ಕೋಶ ಒಡೆದರೆ ಹೊರಗೆ ಬರುತ್ತದೆ. ಲುಕೇಮಿಯಾ ಕಣಗಳು ಬೇಗಬೇಗ ಹುಟ್ಟಿ ಸಾಯುವಾಗ ಅದು ಏರುವುದು ನಿಜ. ರಕ್ತನಾಳ ಸರಿಯಾಗಿ ಸಿಗದೆ ಸಿರಿಂಜನ್ನು ಜೋರಾಗಿ ಎಳೆದರೂ, ಟ್ಯೂಬನ್ನು ಕುಲುಕಿದರೂ ಕೆಂಪು ಕಣಗಳು ಒಡೆದು ಅದೇ ಎಲ್‌ಡಿಎಚ್ ಏರುತ್ತದೆ. ಸೆಂಟ್ರಿಫ್ಯೂಜಿನಿಂದ ತೆಗೆದ ಟ್ಯೂಬಿನಲ್ಲಿ ತಿಳಿಹಳದಿಯಾಗಿರಬೇಕಾದ ಸೀರಂ ನಸುಗೆಂಪಾಗಿ ಕಂಡರೆ, ಇನ್ನೊಮ್ಮೆ ರಕ್ತ ತೆಗೆದು ಕಳಿಸಿ ಎಂದು ವಾರ್ಡಿಗೆ ಹೇಳುತ್ತೇವೆ. ರಕ್ತದ ಇನ್ನೊಂದು ಪ್ರೋಟೀನಾದ ಆಲ್ಬುಮಿನ್ ಕತೆಯೂ ಹೀಗೆಯೇ. ಕಾಯಿಲೆ ಬಲಿತರೆ ಇಳಿಯುತ್ತದೆ, ಸೋಂಕು ತಗಲಿದರೆ ಇಳಿಯುತ್ತದೆ, ಮಕ್ಕಳ ಲುಕೇಮಿಯಾಕ್ಕೆ ಕೊಡುವ ಆಸ್ಪರಾಜಿನೇಸ್ ಚುಚ್ಚುಮದ್ದಿನಿಂದಲೂ ಇಳಿಯುತ್ತದೆ. ಯಾವ ದಿನ, ಯಾವ ಮದ್ದಿನ ನಡುವೆ ತೆಗೆದ ರಕ್ತ ಎಂದು ಗೊತ್ತಿಲ್ಲದೆ ಅಂಕಿಯನ್ನಷ್ಟೇ ಓದುವುದು ಅಪಾಯ.

ಅಂಕಿ ಸರಿಯಾಗಿದ್ದರೂ ಅದರ ಅರ್ಥ ಶಾಶ್ವತವಲ್ಲ. ಇದನ್ನು ನನಗೆ ಕಲಿಸಿದ್ದು ಎಪಿಎಲ್, ಅಂದರೆ ಅಕ್ಯೂಟ್ ಪ್ರೋಮೈಲೋಸೈಟಿಕ್ ಲುಕೇಮಿಯಾ. 1957ರಲ್ಲಿ ನಾರ್ವೆಯ ವೈದ್ಯ ಲೀಫ್ ಹಿಲ್ಲೆಸ್ಟಾಡ್ ಇದನ್ನು ಬೇರೆಯೇ ಕಾಯಿಲೆಯೆಂದು ಗುರುತಿಸಿದಾಗ, ಕೆಲವೇ ವಾರಗಳಲ್ಲಿ ಸಾವು ತರುವುದೇ ಅದರ ಲಕ್ಷಣವಾಗಿತ್ತು. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಈ ಕಾಯಿಲೆ ಬರಿದು ಮಾಡುತ್ತದೆ. ಮಿದುಳಿನಲ್ಲಿ ರಕ್ತಸ್ರಾವವಾಗಿ ರೋಗಿ ತೀರಿಕೊಳ್ಳಬಹುದು. 1980ರ ದಶಕದಲ್ಲಿ ಶಾಂಘೈನ ವಾಂಗ್ ಝೆನ್‌ಯಿ ಮತ್ತು ಸಂಗಡಿಗರು 'ಎ' ಜೀವಸತ್ವದ ಒಂದು ರೂಪವಾದ ಆಟ್ರಾ ಮಾತ್ರೆ ಕೊಟ್ಟು ನೋಡಿದರು. ಕೆಟ್ಟ ಕಣಗಳು ಬೆಳೆದು ಪಕ್ವವಾದವು. 15 ಮತ್ತು 17ನೆಯ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಂಡಾಗ ಹುಟ್ಟುವ ವಿಕೃತ ಪ್ರೋಟೀನೇ ಮದ್ದಿಗೆ ಗುರಿಯೆಂದು ಆಮೇಲೆ ತಿಳಿಯಿತು. ಇಂದು ಆಟ್ರಾ ಜೊತೆ ಆರ್ಸೆನಿಕ್ ಟ್ರೈಆಕ್ಸೈಡ್ ಸಿಕ್ಕರೆ ಅತಿ ಹೆಚ್ಚು ವಾಸಿಯಾಗುವ ಲುಕೇಮಿಯಾ ಇದೇ. ರೋಗದ ಗುರುತು ಒಂದಿಷ್ಟೂ ಬದಲಾಗಿಲ್ಲ. ಬದಲಾದದ್ದು ನಮ್ಮ ಕೈಲಾಗುವುದೇನು ಎಂಬುದು. ಬಿ-ಕಣಗಳ ಮೇಲಿರುವ ಸಿಡಿ19 ಪ್ರೋಟೀನೂ ಒಂದು ಕಾಲಕ್ಕೆ ಕಾಯಿಲೆಯ ಜಾತಿ ಹೇಳಲಷ್ಟೇ ಬೇಕಾಗಿತ್ತು. ಈಗ ಕಾರ್-ಟಿ ಎಂಬ ಚಿಕಿತ್ಸೆಯಲ್ಲಿ ಮಾರ್ಪಡಿಸಿ ಕೊಡುವ ರೋಗನಿರೋಧಕ ಕಣಗಳು ಅದನ್ನೇ ಹುಡುಕಿಕೊಂಡು ಹೋಗುತ್ತವೆ.

ಹಾಗಾಗಿ ರೋಗದ ಮುನ್ಸೂಚನೆ ರಕ್ತದಲ್ಲಿ ಬರೆದಿಟ್ಟ ಹಣೆಬರಹ ಎಂದು ನಾನು ಒಪ್ಪುವುದಿಲ್ಲ. ನೂರಾರು ರೋಗಿಗಳ ಸರಾಸರಿಯಿಂದ ಬಂದ ಅಂಕಿ ವೈದ್ಯರಿಗೆ ಚಿಕಿತ್ಸೆ ಎಷ್ಟು ಬಿಗಿಯಾಗಿರಬೇಕೆಂದು ಹೇಳುತ್ತದೆ. ಕಿಟಕಿಯಾಚೆ ನಿಂತವರ ಹುಡುಗ ಆ ಸರಾಸರಿಯ ಯಾವ ಬದಿಯಲ್ಲಿದ್ದಾನೆಂದು ಹೇಳಲು ಅದಕ್ಕೆ ಬಾಯಿಲ್ಲ.

ಎಪಿಎಲ್ ಶಂಕೆಯಿರುವವರ ಫೈಬ್ರಿನೋಜನ್ ಡೆಸಿಲೀಟರಿಗೆ 150 ಮಿಲಿಗ್ರಾಂಗಿಂತ ಕಡಿಮೆ ಬಂದರೆ ರಿಪೋರ್ಟು ಪ್ರಿಂಟಾಗುವವರೆಗೆ ನಾವು ಕಾಯುವುದಿಲ್ಲ, ವಾರ್ಡಿಗೆ ಫೋನ್ ಮಾಡುತ್ತೇವೆ. 'ಸರಿ, ಬ್ಲಡ್ ಬ್ಯಾಂಕಿಗೆ ಕ್ರಯೋ ಹೇಳ್ತೀನಿ' ಎನ್ನುತ್ತಾರೆ ಡ್ಯೂಟಿ ಡಾಕ್ಟರು. ಕ್ರಯೋ ಎಂದರೆ ಫೈಬ್ರಿನೋಜನ್ ಹೇರಳವಾಗಿರುವ, ಪ್ಲಾಸ್ಮಾದಿಂದ ತೆಗೆದ ಅಂಶ. ಅಂಕಿಯೊಂದು ಮನುಷ್ಯನಿಗೆ ನಿಜವಾಗಿ ಒದಗುವುದನ್ನು ನಾನು ಕಂಡಿರುವುದು ಇಂಥ ಗಳಿಗೆಗಳಲ್ಲಿ.

ಆದರೆ ವಸಡಿನಲ್ಲಿ ರಕ್ತ ಒಸರುತ್ತ, ಮೈಮೇಲೆ ನೀಲಿ ಕಲೆ ಎದ್ದು, ಯಾದಗಿರಿಯ ಕಡೆಯ ಹಳ್ಳಿಯಿಂದ ಹೊರಟವರಿಗೆ ಬೆಂಗಳೂರು ಒಂದು ರಾತ್ರಿಯ ದಾರಿ. ಎಪಿಎಲ್ ಎಂಬ ಅನುಮಾನ ಬಂದರೆ ಸಾಕು, ಜೀನ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆಟ್ರಾ ಶುರುಮಾಡಿ ಎನ್ನುತ್ತದೆ ವೈದ್ಯಶಾಸ್ತ್ರ. ಆ ಮಾತ್ರೆ ಹತ್ತಿರದ ಜಿಲ್ಲಾಸ್ಪತ್ರೆಯಲ್ಲಿ ಇದೆಯೇ, ಅಲ್ಲಿನ ರಕ್ತನಿಧಿಯಲ್ಲಿ ಕ್ರಯೋ ಸಿಗುತ್ತದೆಯೇ, ಗಾಜಿನ ಮೇಲೆ ಸವರಿದ ರಕ್ತದ ಸ್ಮಿಯರ್ ನೋಡಿ ಅನುಮಾನಪಡಬಲ್ಲ ಕಣ್ಣು ಅಲ್ಲಿದೆಯೇ ಎಂಬುದನ್ನೂ ಆ ರೋಗಿಯ ಮುನ್ಸೂಚನೆಯಲ್ಲಿ ಸೇರಿಸಲೇಬೇಕು.