ಪುಟ ತಿರುಗಿಸುವವನ ನ್ಯಾಯ

ಬುಕ್ ಕ್ರಿಕೆಟ್ಟಿಗೆ ಬೇಕಾದದ್ದು ಒಂದು ದಪ್ಪ ಪುಸ್ತಕ, ಒಂದು ಪೆನ್ನು, ಮೇಷ್ಟ್ರು ಬೋರ್ಡಿನ ಕಡೆ ತಿರುಗಿರುವ ಐದು ನಿಮಿಷ. ಕಣ್ಣು ಮುಚ್ಚಿ ಪುಸ್ತಕ ತೆರೆದರೆ ಎಡಪುಟದ ಸಂಖ್ಯೆಯ ಕೊನೆಯ ಅಂಕಿಯೇ ರನ್ನು. 2 ಬಂದರೆ ಎರಡು, 4 ಬಂದರೆ ಫೋರು, 6 ಬಂದರೆ ಸಿಕ್ಸು, 0 ಬಂದರೆ ಔಟು. ಎಡಗಡೆ ಸಮಸಂಖ್ಯೆಗಳೇ ಇರುವುದರಿಂದ ಒಂಟಿ ರನ್ನಿನ ಮಾತೇ ಇಲ್ಲ. 8ಕ್ಕೆ ಮಾತ್ರ ಊರಿಗೊಂದು ಕಾನೂನು. ಒಂದು ಕಡೆ ಡಾಟ್ ಬಾಲ್, ಇನ್ನೊಂದು ಕಡೆ ನೋ ಬಾಲ್.

ಮೊಬೈಲು ಬರುವ ಮುಂಚೆ, ನಾಡಿನ ಬೇರೆಲ್ಲ ಕಡೆಯಂತೆ ರೇಷ್ಮೆ ಬೆಳೆಯುವ ಜಂಗಮಕೋಟೆ ಹೋಬಳಿಯ ಜಗಲಿಗಳಲ್ಲೂ ಇದು ನಡೆಯುತ್ತಿತ್ತು. ಒಳಮನೆಯಲ್ಲಿ ರೇಷ್ಮೆಹುಳು ಸೊಪ್ಪು ಮೇಯುವ ಸದ್ದು, ಹೊರಗೆ ಪುಟ ತಿರುಗುವ ಸದ್ದು. ಹುಚ್ಚು ಜಾಸ್ತಿಯಿದ್ದ ಹುಡುಗರು ಒಂದು ಪಂದ್ಯಕ್ಕೆ ನಿಲ್ಲಿಸುತ್ತಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಎಂಟು ತಂಡ, ತಂಡಕ್ಕೊಂದು ಬಣ್ಣದ ಜೆರ್ಸಿ, ಪಾಯಿಂಟ್ ಪಟ್ಟಿ, ಸೆಮಿಫೈನಲ್, ಹಿಂದಿನ ಸೀಸನ್ನಿನ ದಾಖಲೆ. ಆ ಲೋಕಕ್ಕೆ ಕರ್ತೃ ಒಬ್ಬನೇ, ಅದೂ ಏಳನೇ ಕ್ಲಾಸಿನವನು.

ಈ ಆಟದ ಲೆಕ್ಕ ವಿಚಿತ್ರ. 0, 2, 4, 6, 8 ಐದೂ ಅಂಕಿಗಳಿಗೆ ಸಮಾನ ಅವಕಾಶ. 8ನ್ನು ಡಾಟ್ ಬಾಲ್ ಎಂದುಕೊಂಡರೆ ಎರಡು ಔಟುಗಳ ನಡುವೆ ಸರಾಸರಿ ಒಂದು ಎರಡು, ಒಂದು ಫೋರು, ಒಂದು ಸಿಕ್ಸು; ಒಟ್ಟು 12. ದ್ರಾವಿಡ್‌ಗೂ 12, ಕೊನೆಯಲ್ಲಿ ಬ್ಯಾಟ್ ಹಿಡಿದು ಬರುವ ವೆಂಕಟೇಶ್ ಪ್ರಸಾದ್‌ಗೂ 12. ಹುಡುಗರಿಗೆ ಇದು ಒಗ್ಗುವುದಿಲ್ಲ. ಬೌಲರಿಗೆ 8 ಬಂದರೂ ಔಟು ಎಂದು ಹೊಸ ಕಲಮು ಸೇರಿಸುತ್ತಾರೆ, ಪ್ರಸಾದರ ಸರಾಸರಿ 6ಕ್ಕೆ ಇಳಿಯುತ್ತದೆ. ಯೋಗ್ಯತೆಗೆ ತಕ್ಕ ಫಲ ಎಂಬ ತತ್ವ ಆಟದೊಳಕ್ಕೆ ಬಂತು. ಆದರೆ ದ್ರಾವಿಡ್ 98ರಲ್ಲಿದ್ದಾಗ 340ನೇ ಪುಟ ತೆರೆದುಕೊಂಡರೆ? ಯಾರೂ ನೋಡುತ್ತಿಲ್ಲ. ಇನ್ನೊಂದು ಸಲ ತೆರೆದರೆ ಕೇಳುವವರು ಯಾರು?

ಅಮೆರಿಕದ ರಾಬರ್ಟ್ ಕೂವರ್ 1968ರಲ್ಲಿ ಒಂದಿಡೀ ಕಾದಂಬರಿ ಬರೆದದ್ದು ಈ ಪ್ರಶ್ನೆಯ ಮೇಲೆಯೇ. ಹೆನ್ರಿ ವಾ ಎಂಬ ಲೆಕ್ಕಿಗ ಅಡುಗೆಮನೆಯ ಮೇಜಿನ ಮೇಲೆ ಮೂರು ದಾಳ ಉರುಳಿಸಿ ಕಾಲ್ಪನಿಕ ಬೇಸ್‌ಬಾಲ್ ಲೀಗ್ ನಡೆಸುತ್ತಾನೆ. ಲೀಗಿಗೆ ಆಗಲೇ ಅರ್ಧ ಶತಮಾನ ದಾಟಿದೆ. ಆಟಗಾರರಿಗೆ ಮನೆತನಗಳಿವೆ, ರಾಜಕೀಯವಿದೆ. ಒಂದು ದಿನ ದಾಳಗಳು ಬಿದ್ದ ರೀತಿಗೆ ಅವನ ಮುದ್ದಿನ ಆಟಗಾರ ಡೇಮನ್ ರುದರ್‌ಫರ್ಡ್ ಚೆಂಡಿನ ಪೆಟ್ಟಿಗೆ ಸಾಯಬೇಕಾಗುತ್ತದೆ. ಹೆನ್ರಿ ನಿಯಮ ಮುರಿಯಲಾರ, ಸಾಯಲು ಬಿಡುತ್ತಾನೆ. ಆಮೇಲೆ ತಡೆಯಲಾರದೆ, ಚೆಂಡೆಸೆದವನನ್ನು ಕೊಲ್ಲಲು ತನ್ನ ಕೈಯಿಂದಲೇ ದಾಳ ತಿರುಗಿಸಿ ಇಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ನೂರು ವರ್ಷ ಕಳೆದಿದೆ. ಹೆನ್ರಿಯ ಸುಳಿವಿಲ್ಲ. ಆಟಗಾರರು ಆ ಎರಡು ಸಾವುಗಳನ್ನು ಅರ್ಥವೇ ತಿಳಿಯದೆ ಒಂದು ವ್ರತದಂತೆ ಆಚರಿಸುತ್ತಿದ್ದಾರೆ.

ಲೋಕ ಕಟ್ಟಿದವನ ಕುರಿತ ಈ ಚರ್ಚೆ ನಮ್ಮಲ್ಲಿ ಬ್ರಹ್ಮಸೂತ್ರದಷ್ಟು ಹಳೆಯದು. ಏನೂ ಕೊರತೆಯಿಲ್ಲದ ಬ್ರಹ್ಮ ಜಗತ್ತನ್ನು ಯಾಕೆ ಸೃಷ್ಟಿಸಬೇಕು? ಎರಡನೇ ಅಧ್ಯಾಯದ ಮೊದಲ ಪಾದ ಕೊಡುವ ಉತ್ತರ ಲೀಲೆ. ಶಂಕರರು ಎಲ್ಲ ಬಯಕೆ ತೀರಿದ ರಾಜನ ವಿಹಾರವನ್ನೂ ಪ್ರಯತ್ನವಿಲ್ಲದೆ ನಡೆಯುವ ಉಸಿರಾಟವನ್ನೂ ನೆನೆಯುತ್ತಾರೆ. ರಾಮಾನುಜರ ರಾಜ ಚೆಂಡಾಟಕ್ಕೇ ಇಳಿಯುತ್ತಾನೆ. ಮಧ್ವರದು ಮತ್ತೇರಿದವನು ಸುಖ ಉಕ್ಕಿ ಕುಣಿದು ಹಾಡುವ ಉಪಮೆ. ಮೂರರಲ್ಲಿ ಉಡುಪಿಯ ಆಚಾರ್ಯರದೇ ಧೈರ್ಯದ ಹೋಲಿಕೆ. ದೇವರನ್ನು ಕುಡುಕನ ಪಕ್ಕ ನಿಲ್ಲಿಸಲು ಅವರಿಗೆ ಅಳುಕಿಲ್ಲ.

ಆದರೆ ಲೀಲೆಯ ವಾದಕ್ಕೆ ಕನ್ನಡ ನೆಲದಲ್ಲೇ ಗಟ್ಟಿ ಏಟು ಬಿದ್ದಿತ್ತು. ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನ, 9ನೇ ಶತಮಾನದಲ್ಲಿ, ಮುಂದೆ ಪಂಪನ ‘ಆದಿಪುರಾಣ’ಕ್ಕೆ ಮೂಲವಾದ ತನ್ನ ಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಎಳೆಎಳೆಯಾಗಿ ಬಿಡಿಸಿ ತಳ್ಳಿಹಾಕುತ್ತಾನೆ. ಆಟಕ್ಕೆಂದು ಸೃಷ್ಟಿಸಿದನೆಂದರೆ ಅದು ತಿಳಿಗೇಡಿ ಮಗುವಿನ ಆಟ ಎಂಬುದು ಅವನ ಆಕ್ಷೇಪದ ತಿರುಳು. ಆಡುವವನಿಗೆ ಆನಂದ, ಆಡಿಸಿಕೊಳ್ಳುವವನಿಗೆ ಸಂಕಟ.

ಇದಕ್ಕೆ ವೇದಾಂತದ ನಿಜವಾದ ಉತ್ತರ ಲೀಲೆಯ ಸೂತ್ರದಲ್ಲಿಲ್ಲ, ಅದರ ಮುಂದಿನದರಲ್ಲಿದೆ: ಈಶ್ವರನಿಗೆ ಪಕ್ಷಪಾತವೂ ಇಲ್ಲ, ಕ್ರೌರ್ಯವೂ ಇಲ್ಲ, ಯಾಕೆಂದರೆ ಅವನು ಜೀವರ ಕರ್ಮವನ್ನು ನೋಡಿಯೇ ಫಲ ಕೊಡುತ್ತಾನೆ. ಶಂಕರರು ಇಲ್ಲಿ ಕೊಡುವ ಉದಾಹರಣೆ ಮಳೆ. ಮಳೆ ಎಲ್ಲಕ್ಕೂ ಒಂದೇ. ಭತ್ತ ಭತ್ತವಾಗುವುದು, ಜವೆಗೋಧಿ ಜವೆಗೋಧಿಯಾಗುವುದು ಬೀಜದಿಂದ. ಹಾಗಾದರೆ ಮೊಟ್ಟಮೊದಲ ಸೀಸನ್ನಿನಲ್ಲಿ, ಯಾವ ದಾಖಲೆಯೂ ಇಲ್ಲದಾಗ, ಆಟಗಾರರಲ್ಲಿ ಭೇದ ಬಂದದ್ದು ಹೇಗೆ? ಆ ಪ್ರಶ್ನೆಯನ್ನೂ ಸೂತ್ರಕಾರ ಬಿಟ್ಟಿಲ್ಲ. ಸಂಸಾರ ಅನಾದಿ, ಮೊದಲ ಸೀಸನ್ ಎಂಬುದೇ ಇಲ್ಲ ಎನ್ನುತ್ತಾನೆ. ಜಾಣ ಉತ್ತರವೇನೋ ಹೌದು. ಲೆಕ್ಕವನ್ನು ಎಂದೂ ಮುಗಿಯದ ಹಿಂದಿನ ಪುಟಕ್ಕೆ ದಾಟಿಸುತ್ತದೆ ಎಂಬ ತಕರಾರೂ ಉಳಿಯುತ್ತದೆ.

ಮೇಲೆ ನಿಯಮಪುಸ್ತಕವಿದ್ದರೆ ಒಳಗಿನವರ ಚೇಷ್ಟೆ ಹೆಚ್ಚು ದಿನ ನಿಲ್ಲುವುದಿಲ್ಲ. 1974ರಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್, ಹೊಸ ಆಟಗಾರರ ಆಯ್ಕೆಯನ್ನು ಫೋನಿನಲ್ಲಿ ನಡೆಸಿತು. ಸುತ್ತುಗಳು ಮುಗಿಯದೆ ಬೇಸತ್ತ ಬಫಲೋ ತಂಡದ ಮ್ಯಾನೇಜರ್ ಪಂಚ್ ಇಮ್ಲಾಕ್, 183ನೇ ಆಯ್ಕೆಯಾಗಿ ಟೋಕಿಯೊ ಕಟಾನಾಸ್ ತಂಡದ ಟಾರೊ ಸುಜಿಮೊಟೊ ಎಂಬ ಹೆಸರು ಹೇಳಿದ. ಅಂಥ ತಂಡವೂ ಇರಲಿಲ್ಲ, ಆಟಗಾರನೂ ಇರಲಿಲ್ಲ. ಲೀಗ್ ಮೊದಲು ನಂಬಿತು, ಗುಟ್ಟು ರಟ್ಟಾದ ಮೇಲೆ ಆ ಆಯ್ಕೆಯನ್ನು ಅಮಾನ್ಯವೆಂದು ಬರೆದುಕೊಂಡಿತು. ಹೆನ್ರಿ ವಾನ ಮೇಜಿನ ಮೇಲೆ ಹೀಗೆ ಹೊಡೆದುಹಾಕುವವರು ಯಾರೂ ಇರಲಿಲ್ಲ.

ನಿಯಮವೇ ಎಲ್ಲವಾದರೆ ಕೃಪೆಗೆ ಜಾಗವೆಲ್ಲಿ? 2001ರ ‘ಲಗಾನ್’ ಚಿತ್ರ ಇದನ್ನು ಚೆನ್ನಾಗಿ ಬಿಡಿಸುತ್ತದೆ. 1893ರ ಚಂಪಾನೇರ್ ಪಂದ್ಯ ಪೂರ್ತಿ ಕಲ್ಪನೆ. ಕೊನೆಯ ಚೆಂಡಿನಲ್ಲಿ ಹಳ್ಳಿಯವರು ಸೋತೇಹೋಗಬೇಕು. ಆಗ ಅಂಪೈರ್ ನೋ ಬಾಲ್ ಎನ್ನುತ್ತಾನೆ. ಕಥೆಗಾರ ಕರುಣೆ ತೋರಿದ್ದು ನಿಜ, ಆದರೆ ಕಾನೂನಿನ ಬಾಗಿಲಿಂದಲೇ. ಆರ್.ಕೆ. ನಾರಾಯಣ್ ಅಷ್ಟೂ ತೋರಲಿಲ್ಲ. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಮಾಲ್ಗುಡಿಯ ಎಂಸಿಸಿ ತಂಡಕ್ಕೆ ಸ್ವಾಮಿಯೇ ಆಸರೆ, ಮನೆ ಬಿಟ್ಟು ಓಡಿದ ಹುಡುಗ ಕಾಡಿನ ದಾರಿಯಲ್ಲಿ ಕಳೆದುಹೋಗಿ ಹಿಂತಿರುಗುವಷ್ಟರಲ್ಲಿ ಪಂದ್ಯ ಮುಗಿದು ತಂಡ ಸೋತಿರುತ್ತದೆ. ಒಂದು ಸಾಲಿನಲ್ಲಿ ಅವನನ್ನು ಮೈದಾನಕ್ಕೆ ತಂದು ನಿಲ್ಲಿಸಬಹುದಿತ್ತು. ನಾರಾಯಣ್ ಪುಟ ಮತ್ತೆ ತೆರೆಯಲಿಲ್ಲ, ಕಾದಂಬರಿ ಉಳಿದದ್ದೂ ಅದರಿಂದಲೇ.

ಯಾರಿಗೆ ಯಾಕೆ ಯಾವ ಫಲ ಎಂಬ ಈ ಪ್ರಶ್ನೆ ಜಂಗಮಕೋಟೆಯಲ್ಲಿ ಪುಸ್ತಕದ್ದಷ್ಟೇ ಅಲ್ಲ. ಪೊರೆ ಬಿಡುವ ನಾಲ್ಕನೇ ಜ್ವರ ದಾಟಿ, ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ ಹಾಕಬೇಕು ಎನ್ನುವಾಗ ಒಂದು ಮನೆಯ ಹುಳು ಸಾಯುತ್ತದೆ. ಪಕ್ಕದ ಮನೆಯಲ್ಲಿ ಭರ್ತಿ ಗೂಡು. ಸೊಪ್ಪು ಅದೇ ನೀರಿನದು, ಗಾಳಿ ಅದೇ. ‘ನಮ್ಮ ಕರ್ಮ’ ಎಂದು ಬೆಳೆ ಕಳೆದುಕೊಂಡವರು ಹೇಳಿಕೊಂಡರೆ ಅದರಲ್ಲಿ ಒಂದು ಘನತೆಯಿದೆ. ಬೆಳೆ ಬಂದವರು ಅದನ್ನೇ ಅವರಿಗೆ ಹೇಳಿದರೆ ಕ್ರೌರ್ಯ. ಹುಳುವಿಗೆ ಬರುವ ಗಂಟುರೋಗದ ವಿಷಯದಲ್ಲಂತೂ ಕಾರಣ ನಿಜಕ್ಕೂ ಹಿಂದಿನ ಜನ್ಮದಲ್ಲೇ ಇರಬಹುದು, ಅದು ರೈತನ ಜನ್ಮವಲ್ಲ ಅಷ್ಟೆ: ತಾಯಿ ಚಿಟ್ಟೆಯಿಂದ ಮೊಟ್ಟೆಗೆ ರೋಗ ದಾಟುತ್ತದೆ. 1865ರಿಂದ ಐದು ವರ್ಷ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಕೆಲಸ ಮಾಡಿದ ಲೂಯಿ ಪಾಶ್ಚರ್ ಇದನ್ನು ತಡೆಯುವ ದಾರಿ ತೋರಿಸಿದ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿ, ರೋಗ ಕಂಡರೆ ಮೊಟ್ಟೆಗಳನ್ನು ನಾಶಮಾಡುವ ಪದ್ಧತಿ ಇವತ್ತಿಗೂ ನಡೆಯುತ್ತಿದೆ.